ಎಪ್ಪತ್ತೈದು ಸೆಂಟಿಮೀಟರ್

ತರಬೇತಿ ಶಿಬಿರ, ಪುಣೆ
೪ ಆಗಸ್ಟ್ ೨೦೨೪

ರಾಯಚೂರಿನ ಆಸ್ಪತ್ರೆಯ ಶುಶ್ರೂಷಾ ರತ್ನರೂ, ಇಂಜೆಕ್ಷನ್ ಸಾರ್ವಭೌಮರೂ, ನನ್ನ ಮಾಜಿ ಗೆಳೆಯರೂ ಆದ ಅನಿಲಕುಮಾರ ತಾಯಣ್ಣನವರ ಸನ್ನಿಧಾನಕ್ಕೆ,

ದೇವದುರ್ಗದ ವೆಲ್ಡಿಂಗ್ ಅಂಗಡಿಯ ಅಂಬರೇಶನು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನ್ನ ನಂಬರನ್ನು ಬ್ಲಾಕ್ ಮಾಡಿ ಇಂದಿಗೆ ಎಪ್ಪತ್ತೊಂದು ದಿನ ಸಂದವು. ಆದಕಾರಣ ಅಂಚೆಯಣ್ಣನ ಮೊರೆ ಹೊಕ್ಕಿದ್ದೇನೆ. ಅವನ ಚೀಲವನ್ನು ಬ್ಲಾಕ್ ಮಾಡುವ ಗುಂಡಿ ನಿನ್ನ ಮೊಬೈಲಿನಲ್ಲಿಲ್ಲ.

ಮೊದಲು ತಪ್ಪೊಪ್ಪಿಗೆ. ಫೆಬ್ರುವರಿಯಲ್ಲಿ ನಾನು ದಿಲ್ಲಿಯ ಅಧಿಕಾರಿಯ ದನಿ ಮಾಡಿ, ನಿನ್ನ ತಂಗಿ ದುರ್ಗಾ ಗುಂಡೆಸೆತಕ್ಕೆ ಭಾರತದ ಪ್ಯಾರಾ ತಂಡಕ್ಕೆ ಆಯ್ಕೆಯಾದಳೆಂದು ನಿನಗೆ ಫೋನ್ ಮಾಡಿದ್ದು ನನ್ನ ತಪ್ಪು. ಅದನ್ನು ನಂಬಿ ಇಡೀ ವಾರ್ಡಿಗೆ ಫೇಡೆ ಹಂಚಿದ್ದು ನಿನ್ನ ತಪ್ಪು. ಮೇ ತಿಂಗಳಲ್ಲಿ ನಿಜವಾದ ಅಧಿಕಾರಿಯೇ ಫೋನ್ ಮಾಡಿದಾಗ, "ಲೇ ಅಂಬ್ರ್ಯಾ, ಸಾಕ್ ಮಾಡಲೇ" ಎಂದು ಬೈದು ಇಟ್ಟೆಯಲ್ಲ, ಅದರಲ್ಲಿ ಇಬ್ಬರಿಗೂ ಸಮಪಾಲು. ದುರ್ಗಾ ಗಾಲಿಕುರ್ಚಿಯಲ್ಲಿ ಬೆಂಗಳೂರಿಗೆ ಹೋಗಿ, ಎರಡು ದಿನ ಕಚೇರಿಯ ಬಾಗಿಲು ಕಾದು ಕೈತಪ್ಪಿದ ಜಾಗವನ್ನು ಹಿಂದಕ್ಕೆ ಪಡೆದಳು. ನೀನು ನನ್ನನ್ನು ಬಿಟ್ಟೆ. ಅವಳು ಬಿಡಲಿಲ್ಲ. ಪ್ರತಿ ಆಟಗಾರ್ತಿಗೂ ಒಬ್ಬ ಸಹಾಯಕನಿರಬಹುದು ಎಂದಾಗ ನನ್ನ ಹೆಸರು ಬರೆಸಿದಳು. ಕಾರಣ ಕೇಳಿದ್ದಕ್ಕೆ, ಕೂತು ಗುಂಡೆಸೆಯುವ ಕುರ್ಚಿ ಮಾಡಿದವನು ನೀನು, ಮುರಿದರೆ ಬೈಯಲು ಬೇಕಲ್ಲ ಎಂದಳು.

ಆ ಕುರ್ಚಿ ಈಗ ಇಲ್ಲಿ ಪಟ್ಟದ ಆನೆ. ದುರ್ಗಾ ಅದರ ಮೇಲೆ ಕೂಡುತ್ತಾಳೆ, ನಾನು ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿಯುತ್ತೇನೆ, ಅವಳು ಎಡಗೈಯಲ್ಲಿ ಕಂಬ ಹಿಡಿದು ಬಲಗೈಯಲ್ಲಿ ಕಬ್ಬಿಣದ ಗುಂಡು ಎಸೆಯುತ್ತಾಳೆ. ಪ್ರಪಂಚ ನೋಡುವುದು ಗುಂಡನ್ನು. ಪಟ್ಟಿ ಬಿಗಿದವನು ಗೆರೆಯ ಆಚೆ ಬಗ್ಗಿ ನಿಂತು ಟೀವಿ ಪರದೆಯಿಂದ ತಪ್ಪಿಸಿಕೊಳ್ಳಬೇಕು, ಅದೇ ನಮ್ಮ ವೃತ್ತಿಧರ್ಮ. ಗುಂಡು ಆಯ್ದು ತರುವುದು, ಬೋಲ್ಟು ತಿರುವುವುದು, ಗಾದಿಯ ಬಟ್ಟೆ ಒಗೆಯುವುದು, ಅಳತೆ ಹಿಡಿಯುವುದು ಎಲ್ಲ ನನ್ನ ಖಾತೆ. ಕೂಡುವ ಜಾಗ, ಮೇಲಿನ ಗಾದಿ ಸೇರಿ, ನೆಲದಿಂದ ಎಪ್ಪತ್ತೈದು ಸೆಂಟಿಮೀಟರ್ ಮೀರಬಾರದೆಂಬುದು ನಿಯಮ. ನಮ್ಮದು ಎಪ್ಪತ್ತನಾಲ್ಕೂವರೆ. ಮಾನ್ವಿಯ ದಾವಲ್ ಬೀ ಹೊಸ ಹತ್ತಿ ಹಿಂಜಿ ಹೊಲಿದುಕೊಟ್ಟ ಗಾದಿ ಇಲ್ಲಿನ ರಬ್ಬರಿನ ಗಾದಿಗಳನ್ನೆಲ್ಲ ನಾಚಿಸುತ್ತಿದೆ.

ಕೊನೆಯದಾಗಿ ಒಂದು ಸಾಮಾನ್ಯ ಜ್ಞಾನದ ಪ್ರಶ್ನೆ. ಬಿಳಿ ಬಟ್ಟೆಯ ಮೇಲಿನ ತಿಳಿ ಕಂದು ಕಲೆ ಯಾವ ಸಾಬೂನಿಗೆ ಹೋಗುತ್ತದೆ?

ಇಂತಿ ತಮ್ಮ ಪಾದಧೂಳಿಯ ಉಪಧೂಳಿ,
ಅಂಬರೇಶ, ಕುರ್ಚಿಪಾಲಕ


ರಾಯಚೂರು
೧೩ ಆಗಸ್ಟ್

ಅಂಬರೇಶ,

ನಿನ್ನ ಕಾಗದ ಹರಿದು ಹಾಕುವವನಿದ್ದೆ. ಕೊನೆಯ ಸಾಲು ಓದಿ ಹರಿಯಲಿಲ್ಲ.

ಯಾವ ಬಟ್ಟೆ? ಗಾದಿಯ ಬಟ್ಟೆಯೇ? ಕಲೆ ಎಷ್ಟು ದೊಡ್ಡದು? ಒಂದೇ ಸಲ ಕಂಡಿತೋ, ಒಗೆದ ಮೇಲೆ ಮತ್ತೆ ಬಂತೋ?

ಹತ್ತಿ ಹೇರಿದ ಟ್ರ್ಯಾಕ್ಟರಿನಿಂದ ಬಿದ್ದು ಬೆನ್ನುಮೂಳೆ ಮುರಿದ ದಿನದಿಂದ ದುರ್ಗಾಗೆ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ಒಂದೇ ಕಡೆ ಕೂತರೆ ನಮಗೆ ನೋಯುತ್ತದೆ, ಸರಿದು ಕೂಡುತ್ತೇವೆ. ಅವಳಿಗೆ ನೋಯುವುದಿಲ್ಲ. ಚರ್ಮ ಒಳಗೊಳಗೇ ಸಾಯುತ್ತದೆ. ನಮ್ಮೂರು ಕುರ್ಡಿಯಲ್ಲಿ ದಿನಾ ಬೆಳಿಗ್ಗೆ ಅವ್ವ ನೋಡುತ್ತಿದ್ದಳು. ಅಲ್ಲಿ ನೋಡುವವರು ಯಾರು? ಕೈಗನ್ನಡಿ ಕೊಟ್ಟು ಕಳಿಸಿದ್ದೇನೆ, ನೋಡಿಕೊಳ್ಳುತ್ತೇನೆ ಎಂದಿದ್ದಾಳೆ. ಫೋನ್ ಮಾಡಿದರೆ ಎಲ್ಲ ಚಲೋ ಅದ ಎನ್ನುತ್ತಾಳೆ. ಅವಳು ಟ್ರ್ಯಾಕ್ಟರಿನಿಂದ ಬಿದ್ದ ದಿನವೂ ಹಾಗೇ ಅಂದಿದ್ದಳು.

ನಿನ್ನ ನಂಬರ್ ಬ್ಲಾಕಿನಿಂದ ತೆಗೆಯುವುದಿಲ್ಲ. ಫೋನಿನಲ್ಲಿ ನೀನು ಯಾರ ದನಿಯಲ್ಲಾದರೂ ಮಾತಾಡಬಲ್ಲೆ. ಕಾಗದದಲ್ಲಿ ನಿನ್ನ ಕೋಳಿಕಾಲು ಅಕ್ಷರ ಒಂದೇ. ಉತ್ತರ ಬರೆ.

ಅನಿಲಕುಮಾರ


ಪುಣೆ
೨೪ ಆಗಸ್ಟ್

ಮಾನ್ಯ ವಿಚಾರಣಾಧಿಕಾರಿಗಳಿಗೆ,

ತಮ್ಮ ಪ್ರಶ್ನಾವಳಿ ತಲುಪಿತು. ಕುರ್ಚಿಪಾಲನಾ ಇಲಾಖೆಯ ಹೇಳಿಕೆ ಹೀಗಿದೆ. ಸದರಿ ಕಲೆಯು ಚಹಾದ್ದು. ಇಲ್ಲಿನ ಚಹಾ ಬಹಳ ಕಡಕ್. ದುರ್ಗಾ ಎರಡು ಲೋಟ ಕುಡಿಯುತ್ತಾಳೆ, ಒಂದು ಲೋಟ ಚೆಲ್ಲುತ್ತಾಳೆ.

ತಂಡದ ಸುದ್ದಿ ಬರೆಯುತ್ತೇನೆ. ಕೋಚ್ ಸಾಹೇಬರು ದುರ್ಗಾಳನ್ನು ದಿನಕ್ಕೆ ಐದು ತಾಸು ಕುರ್ಚಿಯ ಮೇಲೆ ಕೂಡಿಸುತ್ತಿದ್ದಾರೆ. ಅವಳ ಎಸೆತ ಮೂವತ್ತು ಸೆಂಟಿಮೀಟರ್ ಮುಂದೆ ಹೋಗಿದೆ. ದಿಲ್ಲಿಯ ಏಷ್ಯಾ ಕೂಟದಲ್ಲಿ ಪದಕಕ್ಕೆ ಇನ್ನು ಒಂದು ಗೇಣು ಸಾಕಂತೆ. ಕೋಚ್ ಹೋದ ಮೇಲೂ ಅವಳು ಇಳಿಯುವುದಿಲ್ಲ, ಇನ್ನೊಂದು ಹತ್ತು ಎಸೆತ ಎನ್ನುತ್ತಾಳೆ. ನಾನು ಗುಂಡು ಆಯ್ದು ತಂದು ತಂದು ಬಾತುಕೋಳಿಯಂತೆ ನಡೆಯುತ್ತಿದ್ದೇನೆ. ಮೊನ್ನೆ ಗುಂಡಿನ ಬದಲು ಒಂದು ಕಲ್ಲಂಗಡಿ ಕೊಟ್ಟೆ. ಎಸೆದೇಬಿಟ್ಟಳು. ಪಂಜಾಬಿನ ಕೋಚ್ ಒಬ್ಬರ ಬೂಟಿನ ಮೇಲೆ ಬಿತ್ತು. ಅವಳು ನಕ್ಕ ದನಿ ಆಚೆಯ ಓಟದ ಬಯಲಿಗೂ ಕೇಳಿತು.

ಅನಿಲ, ಚಹಾ ದಿನಾ ಒಂದೇ ಕಡೆ ಚೆಲ್ಲುತ್ತದೆಯೇ?

ನಾನು ಬರೆಯಬಾರದು. ದುರ್ಗಾ ನೀರಮಾನ್ವಿ ಯಲ್ಲಮ್ಮನ ಮೇಲೆ ಆಣೆ ಇಡಿಸಿಕೊಂಡಿದ್ದಾಳೆ. ಯಾವ ವಿಷಯಕ್ಕೆ ಆಣೆ ಎಂದು ಬರೆಯುವುದಕ್ಕೂ ಆಣೆ ಅಡ್ಡ ಬರುತ್ತದೆ. ಆದಕಾರಣ ಈ ಪತ್ರದಲ್ಲಿ ನಾನು ಏನನ್ನೂ ಬರೆದಿಲ್ಲ ಎಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.

ಇಂತಿ,
ಬಾಯಿ ಹೊಲಿಸಿಕೊಂಡ ಅಂಬರೇಶ


ರಾಯಚೂರು
೬ ಸೆಪ್ಟೆಂಬರ್

ಅಂಬ್ರ್ಯಾ,

ಏನೂ ಬರೆದಿಲ್ಲ ಎಂದು ಬರೆದದ್ದರಲ್ಲಿ ಎಲ್ಲ ತಿಳಿಯಿತು.

ಕಾಗದ ಸಿಕ್ಕ ದಿನವೇ ಶಿಬಿರದ ಕಚೇರಿಗೆ ಫೋನ್ ಮಾಡಿದೆ. ನಾನು ದುರ್ಗಾಳ ಅಣ್ಣ, ಆಸ್ಪತ್ರೆಯಲ್ಲಿ ನರ್ಸ್, ಅವಳ ಮೈಮೇಲೆ ಹುಣ್ಣಾಗಿರಬಹುದು, ಡಾಕ್ಟರು ಒಮ್ಮೆ ನೋಡಲಿ ಎಂದೆ. ಅವರು ಅವಳನ್ನು ಕರೆದು ಕೇಳಿದರಂತೆ. ಅವಳು ನಕ್ಕು, ನಮ್ಮೂರ ಕಡೆ ದನಿ ಬದಲಿಸಿ ಫೋನ್ ಮಾಡುವವನೊಬ್ಬ ಇದ್ದಾನೆ, ನಂಬಬೇಡಿ, ಅವನ ದೆಸೆಯಿಂದ ಒಮ್ಮೆ ನನ್ನ ಜಾಗವೇ ಹೋಗುವುದರಲ್ಲಿತ್ತು ಎಂದಳಂತೆ. ಆ ಕಥೆ ಕಚೇರಿಗೆ ಮೊದಲೇ ಗೊತ್ತಿತ್ತಲ್ಲ. ಎರಡನೆಯ ಸಲ ಮಾಡಿದಾಗ ನನ್ನ ಹೆಸರು ಹೇಳುತ್ತಿದ್ದಂತೆ ಇಟ್ಟರು. ನಿನ್ನ ಪಾಪ ನನ್ನ ಬಾಯಿಗೆ ಅಂಟಿದೆ.

ನಮ್ಮ ವಾರ್ಡಿನಲ್ಲಿ ಕಲ್ಲೂರಿನ ಬಸವಲಿಂಗ ಎಂಬವರಿದ್ದರು, ದುರ್ಗಾಳ ಹಾಗೇ ಬೆನ್ನು ಮುರಿದವರು. ಬಂದಾಗ ಹುಣ್ಣು ಮೇಲೆ ರೂಪಾಯಿಯಷ್ಟು, ಒಳಗೆ ನನ್ನ ಮುಷ್ಟಿ ಹಿಡಿಸುವಷ್ಟು. ನಂಜು ರಕ್ತಕ್ಕೆ ಸೇರಿತ್ತು. ಒಂಬತ್ತು ದಿನ ನಾನೇ ಡ್ರೆಸಿಂಗ್ ಮಾಡಿದೆ. ಹತ್ತನೆಯ ದಿನ ಮಾಡುವ ಕೆಲಸವಿರಲಿಲ್ಲ. ಅವರೂ ನನಗೆ ಕೊನೆಯ ತನಕ ನೋವಿಲ್ಲ ತಮ್ಮಾ ಎನ್ನುತ್ತಿದ್ದರು.

ರಜೆ ಕೇಳಿದೆ, ಡೆಂಗಿಯ ಕಾಲ, ಕೊಡಲಿಲ್ಲ. ಅವ್ವನಿಗೆ ಹೇಳುವ ಧೈರ್ಯವಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ. ಆಣೆ ಮುರಿ, ಯಲ್ಲಮ್ಮನಿಗೆ ನಾನು ಉತ್ತರ ಕೊಡುತ್ತೇನೆ. ಅವಳನ್ನು ಆ ಕುರ್ಚಿಯ ಮೇಲೆ ಕೂಡಗೊಡಬೇಡ. ಹೇಗಾದರೂ ನಿಲ್ಲಿಸು. ಹೇಗಾದರೂ.

ಅನಿಲ


ದಿಲ್ಲಿ
೨೯ ಸೆಪ್ಟೆಂಬರ್, ಮಧ್ಯಾಹ್ನ

ಅನಿಲ,

ಸಂಬೋಧನೆಗೆ ಬಿರುದು ಹುಡುಕಿದೆ, ಸಿಗಲಿಲ್ಲ.

ದಿಲ್ಲಿಗೆ ಬಂದು ಐದು ದಿನವಾಯಿತು. ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ಅವಳ ಸ್ಪರ್ಧೆ. ಕಲೆ ಈಗ ನಿಂಬೆಹಣ್ಣಿನಷ್ಟಿದೆ. ನಿನ್ನೆ ಒಗೆಯುವಾಗ ವಾಸನೆಯೂ ಬಂತು. ಗಾದಿಯ ಬಟ್ಟೆಯನ್ನು ಅವಳ ಮುಂದೆ ಹಿಡಿದೆ. ಕೋಣೆಯ ಜೊತೆಗಾರ್ತಿ ಊಟಕ್ಕೆ ಹೋಗಿದ್ದಳು.

"ಎಷ್ಟು ದಿನ ಆತು?" ಎಂದೆ.

"ನೀ ಬೋಲ್ಟ್ ನೋಡು. ನನ್ನ ನಾ ನೋಡ್ಕೊಂತೀನಿ."

ಡಾಕ್ಟರಿಗೆ ಹೇಳುತ್ತೇನೆ ಎಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅನುಕೂಲವಿತ್ತು.

"ಹೇಳು. ನಂಬಿದ್ರ ನನ್ನ ಹೆಸರು ಹೊಡದು ಹಾಕ್ತಾರ. ನಾ ಬಿದ್ದು ಒಂಬತ್ತು ವರ್ಷ ಆತು ಅಂಬ್ರ್ಯಾ. ಎಲ್ಲಾರೂ ನನ್ನ ಎತ್ತಿ ಕುಂದರಿಸ್ಯಾರ, ಎತ್ತಿ ಮಲಗಿಸ್ಯಾರ. ನಾ ಬೇಡಿದ್ದು ಆರು ಎಸೆತ. ಅಷ್ಟ."

ಡಾಕ್ಟರ ಬಾಗಿಲ ತನಕ ಎರಡು ಸಲ ಹೋಗಿ ಬಂದೆ. ಆಣೆ ನೆನಪಾಗಿ ತಿರುಗಿದೆ ಎಂದು ಬರೆದರೆ ಅದು ಸುಳ್ಳು. ಆಣೆ ನನಗೆ ಯಾವತ್ತು ಲೆಕ್ಕಕ್ಕಿತ್ತು? ನಾನೇ ಹೇಳಿದೆ ಎಂದು ತಿಳಿದ ಮೇಲೆ ಅವಳು ನನ್ನ ಕಡೆ ನೋಡುವ ನೋಟವಿದೆಯಲ್ಲ, ಅದು ಕಣ್ಣಿಗೆ ಕಟ್ಟಿತು. ಇದಕ್ಕಿಂತ ಹೆಚ್ಚು ಬರೆಯಲಾರೆ. ನೀನು ಅವಳ ಅಣ್ಣ. ನಮ್ಮ ಮನೆಯವರು ಎಂಥವರು, ನಿಮ್ಮ ಓಣಿಯ ಹೆಸರು ಕೇಳಿದರೆ ಏನು ಮಾಡುತ್ತಾರೆ ಎಂಬುದೂ ನಿನಗೆ ಗೊತ್ತು.

ತಮಾಷೆ ನೋಡು. ಹೆಡ್ ಮಾಸ್ತರರ ದನಿ, ತಹಶೀಲ್ದಾರರ ದನಿ, ದಿಲ್ಲಿ ಅಧಿಕಾರಿಯ ದನಿ ಎಲ್ಲ ನನಗೆ ಬರುತ್ತವೆ. ದುರ್ಗಾ, ಕೂಡಬೇಡ ಎಂಬ ಮಾತಿಗೆ ಬೇಕಾದ ದನಿ ನನ್ನ ಹತ್ತಿರ ಇಲ್ಲ. ಇಡೀ ರಾಯಚೂರು ಜಿಲ್ಲೆಯಲ್ಲಿ ಇಷ್ಟು ಬಡವ ಇನ್ನೊಬ್ಬನಿರಲಾರ.

ನಾಳೆ ಬಿಸಿಲು ಚೆನ್ನಾಗಿರುತ್ತದಂತೆ. ಗಾದಿಯನ್ನು ಒಣಹಾಕುತ್ತೇನೆ.

ಅಂಬರೇಶ


ದಿಲ್ಲಿ
೪ ಅಕ್ಟೋಬರ್

ಅನಿಲ,

ನಿನಗೆ ಆಸ್ಪತ್ರೆಯಿಂದ ಫೋನ್ ಬಂದಿರುತ್ತದೆ. ದುರ್ಗಾಳಿಗೆ ನಿನ್ನೆ ಆಪರೇಷನ್ ಆಯಿತು. ಹುಣ್ಣು ಎಲುಬಿಗೆ ಇನ್ನೂ ಮುಟ್ಟಿರಲಿಲ್ಲ. ಒಂದು ವಾರ ತಡವಾಗಿದ್ದರೆ ಮಾತು ಬೇರೆ ಇತ್ತು ಎಂದರು. ಬೋರಲು ಮಲಗಿಸಿದ್ದಾರೆ. ನಾನು ಒಳಗೆ ಹೋದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಾಳೆ. ಅದಕ್ಕೇ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವರು ನಿನಗೆ ಹೇಳಿರಲಾರದ್ದನ್ನು ಹೇಳುತ್ತೇನೆ.

ಸ್ಪರ್ಧೆಗೆ ಮುಂಚೆ ಕುರ್ಚಿಗಳನ್ನೆಲ್ಲ ಒಂದು ಕೋಣೆಯಲ್ಲಿಟ್ಟು ಅಳೆಯುತ್ತಾರೆ. ಬಿಳಿ ಕೂದಲಿನ ಒಬ್ಬ ಮಹಿಳಾ ಅಧಿಕಾರಿ ಟೇಪು ಹಿಡಿದು ಬಂದರು. ನಮ್ಮದು ಎಪ್ಪತ್ತಾರು ದಾಟಿತ್ತು. ಮೂರು ಸಲ ಅಳೆದರು. ನಾನು ನನ್ನ ಹರುಕು ಹಿಂದಿಯಲ್ಲಿ, ನಮ್ಮ ಕಡೆ ಗಾದಿಯನ್ನು ಬಿಸಿಲಿಗೆ ಹಾಕುವ ರೂಢಿ, ನಿನ್ನೆ ಹಾಕಿದ್ದೆ, ಕಾದ ಹತ್ತಿ ಉಬ್ಬುತ್ತದೆ, ಅದು ಗೊತ್ತಿದ್ದೂ ಮರೆತೆ ಎಂದೆ. ಪಾಪ, ಎಲ್ಲರೂ ತಲೆದೂಗಿದರು. ಸರಿಪಡಿಸಲು ಹತ್ತು ನಿಮಿಷ ಕೊಟ್ಟರು.

ದುರ್ಗಾ ಒಂದು ಕ್ಷಣವೂ ಯೋಚಿಸಲಿಲ್ಲ.

"ಗಾದಿ ತೆಗಿ. ಕಬ್ಬಿಣದ ಮ್ಯಾಲ ಕೂಡ್ತೀನಿ."

ಗಾದಿಯ ಅಂಚನ್ನು ತಗಡಿಗೆ ನಾಲ್ಕು ಬೋಲ್ಟು ಹಾಕಿ ಕೂಡಿಸಿದ್ದೇನೆ. ಹನ್ನೆರಡು ನಂಬರಿನ ಪಾನಾ, ಅದೇ ಸ್ಪ್ಯಾನರ್, ಇದ್ದರೆ ಎರಡು ನಿಮಿಷದ ಕೆಲಸ. ಚೀಲದಲ್ಲಿ ಕೈಯಾಡಿಸಿದೆ. ಪಾನಾ ಸಿಗಲಿಲ್ಲ. ಚೀಲವನ್ನು ನೆಲಕ್ಕೆ ಸುರುವಿದೆ. ಟೇಪು, ಪಟ್ಟಿ, ಎಣ್ಣೆಯ ಡಬ್ಬಿ, ಎಲ್ಲ ಬಿದ್ದವು. ಪಕ್ಕದ ದೇಶದ ಸಹಾಯಕನೊಬ್ಬ ತನ್ನ ಪಾನಾ ಕೊಟ್ಟ. ಅದು ಹದಿನಾಲ್ಕರದು. ಹಾಕಿ, ತಿರುವಿ, ಜಾರಿಸಿ, ಹೊಂದುವುದಿಲ್ಲ ಎಂದು ತೋರಿಸಿದೆ. ಮಂಡಿಯೂರಿ ಬೆರಳಿನಿಂದ ಬೋಲ್ಟು ತಿರುವಿದೆ, ಉಗುರು ಕಿತ್ತು ರಕ್ತ ಬಂತು. ಅಷ್ಟು ಚೆನ್ನಾಗಿ ನಾನು ಯಾವ ನಾಟಕವನ್ನೂ ಆಡಿಲ್ಲ.

ಏಳನೆಯ ನಿಮಿಷಕ್ಕಿರಬೇಕು, ಅವಳು ಬಗ್ಗಿ ನನ್ನ ಭುಜ ಹಿಡಿದಳು. ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

"ಅಂಬ್ರ್ಯಾ, ಚ್ಯಾಷ್ಟಿ ಬ್ಯಾಡೋ. ಇವತ್ತೊಂದಿನ ಬ್ಯಾಡ. ನಿನ್ನ ಕಾಲ್ ಬೀಳ್ತೀನಿ."

ಪಾನಾ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು, ಅನಿಲ. ಮಂಡಿಯೂರಿದಾಗ ತೊಡೆಗೆ ಒತ್ತುತ್ತಿತ್ತು.

ಹತ್ತು ನಿಮಿಷ ಮುಗಿಯಿತು. ಅವಳ ಹೆಸರಿನ ಮುಂದೆ ಗೆರೆ ಎಳೆದರು. ಅವಳು ಕುರ್ಚಿಯ ಕಂಬ ಹಿಡಿದುಕೊಂಡು ಬಿಡಲಿಲ್ಲ. ಇಬ್ಬರು ಬಂದು ಬೆರಳು ಬಿಡಿಸಬೇಕಾಯಿತು. ಆ ಜಗ್ಗಾಟದಲ್ಲಿ ಜಾರಿದವಳನ್ನು ಗಾಲಿಕುರ್ಚಿಗೆ ಎತ್ತಿ ಕೂಡಿಸುವಾಗ ಬಟ್ಟೆ ಒದ್ದೆಯಾಗಿದ್ದನ್ನು ತಂಡದ ಡಾಕ್ಟರು ಕಂಡರು. ಆಮೇಲಿನದು ನಿನಗೆ ಗೊತ್ತು.

ಬರಿಯ ಬಿಸಿಲಿಗೆ ಹತ್ತಿ ಅಷ್ಟು ಉಬ್ಬುವುದಿಲ್ಲ. ಹಿಂದಿನ ದಿನ ಹೊಲಿಗೆ ಬಿಚ್ಚಿ, ದಾವಲ್ ಬೀ ಮಾಡುವುದನ್ನು ನೋಡಿದ್ದೆನಲ್ಲ, ಹಾಗೆ ಬೆರಳಿನಿಂದ ಮೂರು ತಾಸು ಹತ್ತಿಯನ್ನು ಹಿಂಜಿ ಹಿಂಜಿ ಮತ್ತೆ ತುಂಬಿ ಹೊಲಿದೆ. ನೀನು ಹೇಗಾದರೂ ಎಂದು ಬರೆದಿದ್ದೆ. ನನಗೆ ತಿಳಿದದ್ದು ಇದೊಂದೇ. ಜೀವಮಾನವೆಲ್ಲ ಇದನ್ನೇ ಮಾಡಿದವನು ನಾನು.

ಅವಳಿಗೆ ಹೇಳಬೇಡ. ಮರೆಗುಳಿ ಎಂದು ದ್ವೇಷಿಸಲಿ. ಅದನ್ನು ಹೇಗೋ ಹೊತ್ತುಕೊಳ್ಳುತ್ತೇನೆ.

ಅಂಬರೇಶ


ರಾಯಚೂರು
೩೦ ಅಕ್ಟೋಬರ್

ಅಂಬರೇಶ,

ದುರ್ಗಾಳನ್ನು ಕುರ್ಡಿಗೆ ಕರೆತಂದೆವು. ಗಾಯ ಕೆಂಪಗೆ, ಸ್ವಚ್ಛವಾಗಿ ಕೂಡುತ್ತಿದೆ. ವಾರಕ್ಕೆರಡು ಸಲ ಹೋಗಿ ನಾನೇ ಡ್ರೆಸಿಂಗ್ ಮಾಡುತ್ತೇನೆ. ಪ್ರತಿ ಸಲವೂ ಬಸವಲಿಂಗ ಅವರ ನೆನಪಾಗುತ್ತದೆ, ಪ್ರತಿ ಸಲವೂ ನಿನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಆಮೇಲೆ ಅವಳ ಮುಖ ನೋಡುತ್ತೇನೆ.

ಕೂಟದ ವಿಡಿಯೊವನ್ನು ಮೊಬೈಲಿನಲ್ಲಿ ನೋಡುತ್ತಾಳೆ. ಮೂರನೆಯ ಸ್ಥಾನ ಬಂದವಳ ಎಸೆತ ಶಿಬಿರದಲ್ಲಿ ಇವಳು ಎಸೆದದ್ದಕ್ಕಿಂತ ನಾಲ್ಕು ಬೆರಳು ಕಡಿಮೆ. ವಿಡಿಯೊ ಅಲ್ಲಿಗೇ ನಿಲ್ಲಿಸಿ ಮೊಬೈಲನ್ನು ನನ್ನ ಕೈಗೆ ಕೊಟ್ಟಳು, ಅಷ್ಟೇ.

ನೀನು ಮಾಡಿದ್ದು ನಾನು ಕೇಳಿದ್ದನ್ನೇ. ಆದರೂ ಅದನ್ನು ನಾನೇ ಕೇಳಿದೆ ಎಂದು ಅವಳ ಮುಂದೆ ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ಬೈದರೆ ನಿನ್ನೊಬ್ಬನನ್ನೇ ಬೈಯುತ್ತಾಳೆ, ನಾನು ಹತ್ತಿ ಒತ್ತುತ್ತ ತಲೆತಗ್ಗಿಸಿ ಕೂಡುತ್ತೇನೆ. ನನ್ನನ್ನೂ ನಿನ್ನ ಜೊತೆ ಸೇರಿಸಿಕೋ.

ಅನಿಲ


ಕುರ್ಡಿ
೨ ಡಿಸೆಂಬರ್

ಅಂಬರೇಶನಿಗೆ,

ಬೋರಲು ಮಲಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಎರಡು ತಿಂಗಳು ಹೀಗೆ ಮಲಗಿದವಳಿಗೆ ಯೋಚಿಸಲು ಹೊತ್ತು ಬಹಳ.

ಗಾದಿಯನ್ನು ಮಾಳಿಗೆಯ ಮೇಲೆ ಹಾಕಿಸಿದ್ದೆ. ಮೂರು ದಿನ ಸುಡುಬಿಸಿಲು. ಅವ್ವ ದಾರ ಹಿಡಿದು ಅಳೆದಳು. ಉಬ್ಬಿದ್ದು ಭತ್ತದ ಕಾಳಿನಷ್ಟು. ದಾವಲ್ ಬೀಯನ್ನು ಕರೆಸಿದೆ. ಗಾದಿ ತಿರುಗಿಸಿ ನೋಡಿ, "ಈ ಹೊಲಿಗಿ ನಂದಲ್ಲ ಬೇಟಿ, ಯಾರೋ ಗಂಡಸು ಹಾಕಿದ್ದು" ಎಂದಳು. ಅಣ್ಣನನ್ನು ಕೇಳಿದೆ. ಅವನು ನೀರು ಕುಡಿದು ಬರುತ್ತೇನೆಂದು ಎದ್ದುಹೋದ. ತಂಬಿಗೆ ನನ್ನ ತಲೆಯ ಹತ್ತಿರವೇ ಇತ್ತು.

ಇಷ್ಟೂ ಬೇಕಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತವಳ ಕಣ್ಣು ನಿಂತವರ ಜೇಬಿನ ಎತ್ತರಕ್ಕೆ ಇರುತ್ತದೆ. ಅವತ್ತು ನೀನು ಚೀಲ ಸುರುವುವಾಗ ನಿನ್ನ ಜೇಬಿನಲ್ಲಿ ಪಾನಾದ ಆಕಾರ ಕಂಡಿತ್ತು. ಕಂಡದ್ದನ್ನು ನಂಬಲಿಲ್ಲ. ಅಂಬರೇಶ ಎಷ್ಟು ಚ್ಯಾಷ್ಟಿ ಮಾಡಿದರೂ ಇದನ್ನು ಮಾಡುವವನಲ್ಲ ಎಂದುಕೊಂಡೆ. ಅದಕ್ಕೇ ಬೇಡಿಕೊಂಡೆ. ಕಂಡದ್ದನ್ನು ನಂಬಿದ್ದರೆ ನಾನೇ ಕೈಹಾಕಿ ಕಿತ್ತುಕೊಳ್ಳುತ್ತಿದ್ದೆ.

ಹುಣ್ಣು ನನಗೆ ಗೊತ್ತಿತ್ತು. ಎಷ್ಟು ಆಳ ಎಂದು ಗೊತ್ತಿರಲಿಲ್ಲ, ಅಣ್ಣ ಹೇಳಿದ ಮೇಲೆ ಹೆದರಿದೆ. ಆದರೆ ಕುರುಡಿಯ ಹಾಗೆ ಹೊರಟಿರಲಿಲ್ಲ. ಅರ್ಧ ತಾಸಿನ ಸ್ಪರ್ಧೆ, ಮುಗಿದ ಕೂಡಲೇ ಡಾಕ್ಟರ ಮುಂದೆ ಹೋಗುವುದು ಎಂದು ಬಟ್ಟೆಬರೆ ಕಟ್ಟಿ ಇಟ್ಟಿದ್ದೆ. ಜೊತೆಗಾರ್ತಿಗೂ ಹೇಳಿದ್ದೆ. ನಿನಗೆ ಹೇಳಲಿಲ್ಲ, ನೀನೂ ಕೇಳಲಿಲ್ಲ. ನಾನು ಅಂದುಕೊಂಡಿದ್ದು ತಪ್ಪೇ ಇರಬಹುದು. ನೀನು ನನ್ನ ಜೀವ ಉಳಿಸಿದೆ ಎಂದು ಅಣ್ಣ ಹೇಳದಿದ್ದರೂ ಅವನ ಕೈ ಹೇಳುತ್ತದೆ. ಇರಬಹುದು. ಆದರೂ ಒಂಬತ್ತು ವರ್ಷದಿಂದ ನನ್ನನ್ನು ಎತ್ತಿ ಕೂಡಿಸಿದವರೆಲ್ಲ ಒಂದು ಮಾತು ಕೇಳಿ ಎತ್ತಿದ್ದಾರೆ, ಅಂಬರೇಶ. ಕೇಳದೆ ಇಳಿಸಿದವನು ನೀನೊಬ್ಬನೇ. ಎದುರಿಗೆ ನಿಂತು ಕೂಡಬೇಡ ಎಂದಿದ್ದರೆ ಜಗಳಾಡುತ್ತಿದ್ದೆ, ಬೈಯುತ್ತಿದ್ದೆ, ಸೋಲುತ್ತಿದ್ದೆನೋ ಏನೋ. ಸೋಲುವ ಅವಕಾಶವನ್ನೂ ಕೊಡಲಿಲ್ಲ ನೀನು.

ಡಾಕ್ಟರು ಮಾರ್ಚಿನ ನಂತರ ಕೂಡಬಹುದು ಎಂದಿದ್ದಾರೆ. ದಿನಕ್ಕೆ ಒಂದು ತಾಸು, ಮೇಲೆ ಒಂದು ನಿಮಿಷವೂ ಇಲ್ಲ. ಸರಿ ಎಂದಿದ್ದೇನೆ. ಅವ್ವ ದಿನಾ ನೋಡುತ್ತಾಳೆ. ಇನ್ನು ಮೇಲೆ ಹೋದಲ್ಲೆಲ್ಲ ಸಹಾಯಕಿಯಾಗಿ ಅವಳೇ ಬರುತ್ತಾಳೆ. ಅವಳಿಗೆ ಕುರ್ಚಿ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಅದನ್ನು ಮಾಡಿದವನು ನೀನು, ಯಾವ ಬೋಲ್ಟು ಎಷ್ಟು ಬಿಗಿ ಎಂಬುದು ನಿನ್ನ ಕೈಗೆ ಮಾತ್ರ ಗೊತ್ತು.

ಒಂದು ದಿನ ಬಾ. ದೇವದುರ್ಗದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಡು. ಬಿಚ್ಚುವುದು, ಹಾಕುವುದು, ಅಳೆಯುವುದು ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸು. ನೀನು ಮುಟ್ಟಬೇಡ, ತೋರಿಸು ಸಾಕು. ಸಂಜೆಯ ಬಸ್ಸಿಗೆ ಹೋಗಿಬಿಡು.

ಮಧ್ಯಾಹ್ನ ಅವ್ವ ಊಟಕ್ಕೆ ಕರೆಯುತ್ತಾಳೆ, ಇಲ್ಲ ಎನ್ನಬೇಡ. ಅವಳಿಗೆ ಏನೂ ಗೊತ್ತಿಲ್ಲ. ನಿನಗೆಂದು ಪುಂಡಿಪಲ್ಯ ಮಾಡುತ್ತಾಳೆ, ನಗಿಸು ಎನ್ನುತ್ತಾಳೆ. ನಗಿಸು. ನನ್ನ ಕೂಡ ಮಾತ್ರ ಬೋಲ್ಟಿನ ಮಾತು ಬಿಟ್ಟು ಬೇರೆ ಆಡಬೇಡ.

ದುರ್ಗಾ